ವಿಮಾನ ಹೋಗುವವರೆಗೆ

ಕಳೆದ ತಿಂಗಳು ನಮ್ಮ ಸೋದರಮಾವನ ಮೊಮ್ಮಗಳ ನಿಶ್ಚಿತಾರ್ಥ. ದೇವನಹಳ್ಳಿಯಿಂದ ಸ್ವಲ್ಪ ಒಳಕ್ಕೆ, ಹೊಸದಾಗಿ ಕಟ್ಟಿದ ಕಲ್ಯಾಣ ಮಂಟಪ. ಮುಂದೆಲ್ಲಾ ಗಾಜು, ತಣ್ಣನೆ ಗಾಳಿ. ಊಟದ ಜಾಗ ಮಾತ್ರ ಹಿಂದುಗಡೆ, ತಗಡಿನ ಶೀಟಿನ ಕೆಳಗೆ. ಎಲೆ ಮುಂದೆ ಕೂತಾಗ ಹೊರಗೆ ನಾಲ್ಕು ಹನಿ ಬಿದ್ದು ಮಳೆ ನಿಂತಿತ್ತು. ನೆಂದ ಕೆಮ್ಮಣ್ಣಿನ ವಾಸನೆ ಬಂತು. ಪಕ್ಕದ ಎಲೆಯವರು ಅನ್ನಕ್ಕೆ ನಿಂಬೆಹಣ್ಣು ಹಿಂಡಿದರು. ಕೆಮ್ಮಣ್ಣು ಮತ್ತು ನಿಂಬೆ, ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಡಿದವು. ಅದೇ ಹೊತ್ತಿಗೆ ನೆತ್ತಿಯ ಮೇಲೆ ವಿಮಾನ.

ಆ ಕಡೆಯವರಿಗೆ ವಿಮಾನವೆಂದರೆ ಕಾಗೆ ಹಾರಿದಷ್ಟೇ. ಯಾರೂ ತಲೆ ಎತ್ತಲಿಲ್ಲ, ಮಾತೂ ನಿಲ್ಲಲಿಲ್ಲ. ನನ್ನ ಕೈಯೊಂದು ಎಲೆಯಿಂದ ಬಾಯಿಗೆ ಹೋಗುವ ದಾರಿಯಲ್ಲಿ ನಿಂತುಬಿಟ್ಟಿತ್ತು. ಎದುರು ಸಾಲಿನಲ್ಲಿ ಪಾಯಸ ಬಡಿಸುತ್ತಿದ್ದ ನಮ್ಮೆಜಮಾನರು ಸೌಟು ಎತ್ತಿದ ಕೈಯಲ್ಲೇ ಕಲ್ಲಾಗಿದ್ದರು. ಅವರಿಂದಾಚೆ, ಕೈ ತೊಳೆಯುವ ನಲ್ಲಿಯ ಹತ್ತಿರ, ನನ್ನ ತಮ್ಮ ಶಿವು ಬೊಗಸೆಯಲ್ಲಿ ನೀರು ಹಿಡಿದು ಅಲ್ಲಾಡದೆ ನಿಂತಿದ್ದ. ಅಷ್ಟು ಜನರ ನಡುವೆ ನಾವು ಮೂವರೇ. ಆಗ ಗೊತ್ತಾಯಿತು ನನಗೆ, ಇದೇ ಆ ಜಾಗ. ಕೋಳಿ ಫಾರಂ ಇದ್ದದ್ದು ಇಲ್ಲೇ.

ಈ ಕಥೆಯನ್ನು ನಮ್ಮಜ್ಜಿ ಹೇಳಿದ್ದರೆ ಮೊದಲು ಕೈಕಾಲು ತೊಳೆದುಕೊಂಡು ಬನ್ನಿ ಅನ್ನುತ್ತಿದ್ದಳು. ಹೆದರಿಕೆಯ ಕಥೆಗೆ ಅವಳದು ಹಾಗೊಂದು ಕಟ್ಟುಪಾಡು. ನಾನು ಅವಳಷ್ಟು ಕಟ್ಟುನಿಟ್ಟಿನವಳಲ್ಲ, ಇದ್ದ ಹಾಗೆ ಹೇಳುತ್ತೇನೆ.

ವಿಮಾನ ನಿಲ್ದಾಣ ಬಂದು ಹತ್ತು ವರ್ಷ ಆಗಿದ್ದ ಕಾಲ ಅದು. ಕುರಿ ಕಾಯುವವರ ಕೈಯಲ್ಲೂ ಫೋನು, ಫೋನಿನ ತುಂಬ ವಿಡಿಯೋ. ನಮ್ಮೆಜಮಾನರು ಮಂಜುನಾಥ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಿದ್ದರು. ಶಿವುವಿಗೆ ಅಲ್ಲೇ ಒಳಗೆ ಪ್ರಯಾಣಿಕರ ಪೆಟ್ಟಿಗೆಗಳನ್ನು ಏರಿಸಿ ಇಳಿಸುವ ಕೆಲಸ. ಇಬ್ಬರೂ ಚಿಕ್ಕಂದಿನಲ್ಲಿ ನಮ್ಮಪ್ಪನ ಗರಡಿಯಲ್ಲಿ ಸಾಮು ಮಾಡಿದವರು. ನಮ್ಮ ಮದುವೆಯಾದದ್ದೂ ಗರಡಿಯ ದೆಸೆಯಿಂದಲೇ. ಅಪ್ಪ ತಾನು ಪಳಗಿಸಿದ ಹುಡುಗನನ್ನೇ ನೋಡಿ ಮಗಳನ್ನು ಕೊಟ್ಟ. ಅಪ್ಪ ಹೋದ ಮೇಲೆ ಗರಡಿಗೆ ದೀಪ ಹಚ್ಚುವವರಿಲ್ಲದೆ ಮಾಡು ಕುಸಿಯಿತು. ಅಮ್ಮ ಮಾತ್ರ ಅಲ್ಲಿನ ಕೆಮ್ಮಣ್ಣನ್ನು ಒಂದು ಗುಡಾಣದಲ್ಲಿ ತುಂಬಿ ತಂದು ದೇವರ ಮೂಲೆಯಲ್ಲಿಟ್ಟಿದ್ದಳು. ಹಬ್ಬಕ್ಕೊಮ್ಮೆ ಅರಿಶಿನ, ತುಪ್ಪ, ನಿಂಬೆರಸ ಹಾಕಿ ಕಲಸುತ್ತಿದ್ದಳು, ಅಪ್ಪ ಮಾಡುತ್ತಿದ್ದ ಹಾಗೆಯೇ.

ದೊಡ್ಡಬಳ್ಳಾಪುರದಲ್ಲಿ ಮದುವೆ ವಿಡಿಯೋ ತೆಗೆಯುವ ಕಿರಣ ಅಂತ ಒಬ್ಬ ಹುಡುಗ, ಅವನ ಮನೆಯವರು ಪವರ್‌ಲೂಮ್ ಮಗ್ಗ ಇಟ್ಟಿದ್ದರು. ಅವನಿಗೆ ಈ ಯೋಚನೆ ಹೊಳೆದದ್ದು. ಟಿವಿಯಲ್ಲಿ ವಿದೇಶದವರು ಬಣ್ಣಬಣ್ಣದ ಚಡ್ಡಿ ಹಾಕಿಕೊಂಡು ಕುಸ್ತಿಯಾಡುತ್ತಾರಲ್ಲ, ಮೊದಲೇ ಮಾತಾಡಿಕೊಂಡು ಎತ್ತಿ ಒಗೆಯುವುದು, ಒಬ್ಬ ಒಳ್ಳೆಯವನು ಒಬ್ಬ ಕೆಟ್ಟವನು, ಅದನ್ನೇ ನಮ್ಮ ಭಾಷೆಯಲ್ಲಿ, ನಮ್ಮ ಹುಡುಗರ ಕೈಲಿ ಮಾಡಿಸಿ ಇಂಟರ್ನೆಟ್ಟಿಗೆ ಬಿಡುವುದು. ಮುಚ್ಚಿಹೋಗಿದ್ದ ಕೋಳಿ ಫಾರಂ ಹಿಡಿದರು. ಹಳೇ ಲಾರಿ ಟೈರು ಹಾಸಿ, ಅದರ ಮೇಲೆ ಮಗ್ಗದ ವೇಸ್ಟ್ ನೂಲು ತುಂಬಿದ ಚೀಲ, ಅದರ ಮೇಲೆ ಪ್ಲೈವುಡ್ ಹಲಗೆ, ಮೇಲೊಂದು ಟಾರ್ಪಾಲು. ಸುತ್ತ ಹಗ್ಗಕ್ಕೆ ತೋಟಕ್ಕೆ ನೀರು ಬಿಡುವ ಪೈಪು ತೊಡಿಸಿದ್ದರು. ‘ರನ್‌ವೇ ಕುಸ್ತಿ’ ಅಂತ ಹೆಸರಿಟ್ಟರು.

ಅವರೆಕಾಯಿ ಕಾಲದಲ್ಲಿ ಶುರುವಾಯಿತು. ಆ ಬೆಳಿಗ್ಗೆ ಶಿವು ಬಂದು ಅಮ್ಮನನ್ನು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಅಂಗಳದಲ್ಲಿ ಅವರೆಕಾಳು ಹಿಚುಕುತ್ತಾ ಕೂತಿದ್ದಳು.

“ಅಮ್ಮ, ಅಪ್ಪನ ಮಣ್ಣು ಒಂದ್ ಹಿಡಿ ಕೊಡ್ತೀಯಾ?”

“ಯಾಕ್ಲಾ?”

“ಕುಸ್ತಿಗೆ. ಹಣೆಗಿಟ್ಕೊಂಡು ಇಳಿಯೋಣಾಂತ.”

ಅಮ್ಮ ಕೈ ಒರೆಸಿಕೊಂಡು ಎದ್ದಳು. ಮುಖವೆಲ್ಲಾ ಬೆಳಕಾಗಿತ್ತು. ಮಗ ಮತ್ತೆ ಮಟ್ಟಿಗೆ, ಕುಸ್ತಿಯ ಮಣ್ಣಿನ ಅಖಾಡಕ್ಕೆ, ಇಳಿಯುತ್ತಾನೆ ಅಂತ ಅವಳು ತಿಳಿದಳು. ಹುಡುಗರು ಹಾಸ್ಯಕ್ಕೆ ಕೇಳಿದ್ದಲ್ಲ. ಗರಡಿಯಲ್ಲಿ ಬೆಳೆದವರಿಗೆ ಮಣ್ಣು ಹಣೆಗಿಡದೆ ಎದುರಾಳಿಯ ಮೈ ಮುಟ್ಟಲು ಕೈ ಬರುವುದಿಲ್ಲ, ಅಷ್ಟೇ.

ಆಟದಲ್ಲಿ ನಮ್ಮೆಜಮಾನರು ಒಳ್ಳೆಯವರು, ಹೆಸರು ‘ರಾಗಿ ಭೀಮ’. ಎದುರಾಳಿಯನ್ನು ರಾಗಿ ಮೂಟೆಯ ಹಾಗೆ ಹೆಗಲಿಗೆ ಹಾಕಿ ಕೆಳಕ್ಕೆ ಒಗೆಯುವುದು ಅವರ ಪಟ್ಟು. ಶಿವು ಕೆಟ್ಟವನು, ‘ಟೋಲ್‌ಗೇಟ್ ಟೋನಿ’. ಕಪ್ಪು ಕನ್ನಡಕ, ಕತ್ತಿನಲ್ಲಿ ಸೀಟಿ. ಎರಡೂ ಕೈ ಅಡ್ಡ ಚಾಚಿ “ನನ್ ದಾಟ್ಕೊಂಡು ಹೋಗ್ತೀಯಾ? ಹೋಗು ನೋಡಣ!” ಅನ್ನುತ್ತಿದ್ದ. ಚಿಕ್ಕಂದಿನಲ್ಲಿ ಹಲ್ಲಿ ಕಂಡರೆ ನನ್ನ ಹಿಂದೆ ಅಡಗುತ್ತಿದ್ದವನು.

ಮೊದಲ ಭಾನುವಾರ ಬುತ್ತಿ ತೆಗೆದುಕೊಂಡು ಹೋದೆ. ಶೆಡ್ಡಿನ ಹೊರಗಿರುವಾಗಲೇ ಒಳಗಿಂದ ‘ಧಡ್’ ಅಂತ ಸದ್ದು. ಕೈಯಲ್ಲಿದ್ದ ಡಬ್ಬಿ ಬಿತ್ತು. ಓಡಿಹೋಗಿ ಜಾಲರಿಗೆ ಮುಖ ಒತ್ತಿ ನೋಡಿದರೆ ಶಿವು ಅಂಗಾತ ಬಿದ್ದು ಹಲ್ಲು ಕಿಸಿಯುತ್ತಿದ್ದಾನೆ. ನಮ್ಮೆಜಮಾನರು ಇಳಿದು ಬಂದರು.

“ಹೆದರ್ಬೇಡ ರತ್ನ. ಬೀಳೋಕೂ ಒಂದು ವಿದ್ಯೆ ಇದೆ. ಗದ್ದ ಎದೆಗಂಟಿಸ್ಕೊಂಡು, ಎರಡೂ ಕೈ ಅಗಲಿಸಿ ಹಲಗೆಗೆ ಬಡೀಬೇಕು. ಕೈ ಬಡಿದ ಸದ್ದು ಮೊದ್ಲು, ಬೆನ್ನಿಂದು ಆಮೇಲೆ. ಕೈ ಸದ್ದು ಕೇಳಿಸ್ತು ಅಂದ್ರೆ ಮೈ ಕ್ಷೇಮ ಅಂತ ತಿಳ್ಕೋ.”

“ಕೇಳಿಸ್ದೇ ಇದ್ರೆ?”

ಅದಕ್ಕೆ ಶಿವು ಉತ್ತರ ಕೊಟ್ಟ. “ಅದಕ್ಕೂ ಒಂದಿದೆ ಅಕ್ಕ. ನಿಜವಾಗ್ಲೂ ಏಟಾದ್ರೆ ಎದುರಾಳಿ ಮಣಿಕಟ್ಟು ಹಿಡಿದು ಎರಡು ಸಲ ಅದುಮ್ಬೇಕು. ತಕ್ಷಣ ಆಟ ನಿಲ್ಲಿಸ್ತೀವಿ. ನೋಡೋರಿಗೆ ಗೊತ್ತೂ ಆಗಲ್ಲ.”

“ಯಾರಾದ್ರೂ ಅದುಮಿದ್ದೀರೇನೋ?”

“ಒಳ್ಳೇದ್ ಕೇಳು ಅಕ್ಕ. ಅದುಮೋ ಕಾಲ ಬರದೇ ಇರ್ಲಿ ಅಂತ ದೇವ್ರಿಗೊಂದು ಹೂ ಏರ್ಸು.”

ಏರಿಸಿದೆ. ಆ ವರ್ಷವೆಲ್ಲಾ ಏರಿಸಿದೆ. ಒಲೆ ಮುಂದೆ, ಹಸು ಕಟ್ಟುವಾಗ, ಬಸ್ಸಿನಲ್ಲಿ, ಎಲ್ಲೇ ಇರಲಿ ನನ್ನ ಪ್ರಾರ್ಥನೆ ಒಂದೇ: ಯಾರೂ ಯಾರ ಮಣಿಕಟ್ಟನ್ನೂ ಅದುಮದಿರಲಿ.

ವಿಮಾನದ ಸಂಗತಿ ಹೇಳಲೇಬೇಕು. ಶೆಡ್ಡು ವಿಮಾನ ಇಳಿಯುವ ದಾರಿಯ ಕೆಳಗಿತ್ತು. ವಿಮಾನ ಬಂದರೆ ಮಾತು ಕೇಳಿಸುತ್ತಿರಲಿಲ್ಲ, ರೆಕಾರ್ಡಿಂಗ್ ಹಾಳು. ಅದಕ್ಕೆ ಕಿರಣ ಒಂದು ಕ್ರಮ ಮಾಡಿದ. ಸದ್ದು ಶುರುವಾದೊಡನೆ “ಫ್ಲೈಟ್!” ಅಂತ ಕೂಗುವನು, ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಎತ್ತಿದ ಕೈ ಎತ್ತಿದಂತೆ, ಬಿದ್ದವನು ಬಿದ್ದಂತೆ. ಸದ್ದು ಹೋದ ಮೇಲೆ ಅಲ್ಲಿಂದಲೇ ಮುಂದಕ್ಕೆ. ಆ ತುಂಡನ್ನು ಆಮೇಲೆ ಕತ್ತರಿಸುತ್ತಿದ್ದ. ಒಮ್ಮೆ ಕತ್ತರಿಸುವುದನ್ನು ಮರೆತು ಹಾಗೇ ಹಾಕಿಬಿಟ್ಟ. ಜನಕ್ಕೆ ಅದೇ ಹುಚ್ಚು ಹಿಡಿಯಿತು! ಇಬ್ಬರು ಪೈಲ್ವಾನರು ಗುದ್ದಾಡುತ್ತಾ ಗುದ್ದಾಡುತ್ತಾ ವಿಮಾನ ಬಂದ ಕೂಡಲೇ ಕಲ್ಲಾಗುವುದು, ಅದು ಹೋದ ಮೇಲೆ ಏನೂ ಆಗದವರ ಹಾಗೆ ಮತ್ತೆ ಗುದ್ದುವುದು. ಶಾಲೆಗಳಲ್ಲಿ ಮಕ್ಕಳು ಆಟದ ಮಧ್ಯೆ “ಫ್ಲೈಟ್!” ಅಂತ ಕೂಗಿ ನಿಲ್ಲತೊಡಗಿದರು. ಕಿರಣ ಕೂಗುವ ಅಗತ್ಯವೂ ಇಲ್ಲವಾಯಿತು. ಹುಡುಗರ ಮೈಗೇ ಅದು ಇಳಿದುಹೋಯಿತು. ಮನೆಯಲ್ಲಿ ಕಾಫಿ ಲೋಟ ಎತ್ತುವಾಗಲೂ ವಿಮಾನ ಬಂದರೆ ನಮ್ಮೆಜಮಾನರ ಕೈ ನಿಲ್ಲುತ್ತಿತ್ತು. ನಾನು ನಗುತ್ತಿದ್ದೆ.

ಯುಗಾದಿಯ ಹೊತ್ತಿಗೆ ರನ್‌ವೇ ಕುಸ್ತಿ ಅಂದರೆ ನೆಲಮಂಗಲದಿಂದ ಹೊಸಕೋಟೆಯವರೆಗೆ ಗೊತ್ತಿಲ್ಲದವರಿಲ್ಲ. ಟ್ಯಾಕ್ಸಿ ಹತ್ತಿದವರು ನಮ್ಮೆಜಮಾನರ ಗುರುತು ಹಿಡಿದು ಫೋಟೋ ತೆಗೆಸಿಕೊಳ್ಳುವರು. ಇದು ಬೆಳಕಿನ ಪಕ್ಕ. ಕತ್ತಲೆಯ ಪಕ್ಕ ಶಿವುವಿನ ಪಾಲಿಗೆ ಬಂತು.

ಜನ ನಂಬಿಬಿಟ್ಟಿದ್ದರು. ಎಲ್ಲರೂ ಅಲ್ಲ, ಆದರೆ ಸಾಕಷ್ಟು ಜನ. ಒಂದು ವಿಡಿಯೋದಲ್ಲಿ ಖಾರದಪುಡಿ ಎರಚುವ ಆಟ ಕಂಡು, ಟೀ ಅಂಗಡಿಯಲ್ಲಿ ಮುದುಕರೊಬ್ಬರು ಶಿವುವಿಗೆ “ಅಕ್ಕನ ಗಂಡನ ಕಣ್ಣಿಗೆ ಖಾರದ್ಪುಡಿ ಎರಚೋನಿಗೆ ಇಲ್ಲಿ ಟೀ ಇಲ್ಲ, ನಡಿ” ಅಂದರಂತೆ. ಅವನ ಬೈಕಿನ ಸೀಟು ಯಾರೋ ಹರಿದುಹಾಕಿದರು. ಒಂದು ಸಂಜೆ ಹೆಲ್ಮೆಟ್ ತೆಗೆಯದೆಯೇ ಅಡಿಗೆಮನೆಗೆ ಬಂದು ನಿಂತ. ತೆಗೆದ ಮೇಲೆ ನೋಡಿದರೆ ಹೆಲ್ಮೆಟ್ಟಿನ ಹಿಂಭಾಗ ಸೀಳಿತ್ತು. ಕಲ್ಲು.

“ಯಾರೋ ಅದು?”

“ಗೊತ್ತಿಲ್ಲ ಅಕ್ಕ. ‘ರಾಗಿ ಭೀಮನಿಗೆ ಜೈ’ ಅಂತ ಕೂಗಿದ್ರು.” ನಗಲು ನೋಡಿದ. ನಗು ಬರಲಿಲ್ಲ.

ಅಮ್ಮನ ಹೆದರಿಕೆ ಬೇರೆಯದು. ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ನೋಡುವಳು. ಶಿವು ಬಿದ್ದಾಗಲೆಲ್ಲಾ ಸೆರಗಿನಿಂದ ಫೋನಿನ ಗಾಜನ್ನು ಒರೆಸುವಳು, ಅವನ ಮುಖ ಒರೆಸಿದ ಹಾಗೆ. ಹೊಸದಾಗಿ ಮದುವೆಯಾಗಿ ಬಂದಾಗ ಅವಳು ಕೆಂಚಪ್ಪ ಅನ್ನುವವರಿಗೆ ಗಂಜಿ ಕುಡಿಸಿದವಳು. ಕೆಂಚಪ್ಪ ಅಪ್ಪನ ಜೊತೆಯ ಪೈಲ್ವಾನ. ಮಟ್ಟಿಯಲ್ಲಿ ಕೊರಳ ಮೇಲೆ ಬಿದ್ದು, ಕೈಕಾಲು ಸತ್ತು, ಗರಡಿಯ ಜಗಲಿಯಲ್ಲೇ ಮಲಗಿ ಕಾಲ ಕಳೆದವರು. ಹಾಗಾಗಿ ಕೊರಳು ಅಂದರೆ ಏನು ಅಂತ ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಅವಳಿಗೆ ಸತ್ಯ ಹೇಳಿದೆ. ಒಂದಲ್ಲ, ಹತ್ತು ಸಲ ಹೇಳಿದೆ.

“ಅಮ್ಮ, ಅದು ನಿಜವಲ್ಲ. ಮೊದ್ಲೇ ಮಾತಾಡ್ಕೊಂಡು ಆಡ್ತಾರೆ. ಯಾರು ಗೆಲ್ಬೇಕು ಅಂತ್ಲೂ ಮೊದ್ಲೇ ಗೊತ್ತಿರುತ್ತೆ.”

“ಗಂಡನ ಪರ ವಹಿಸ್ಕೊಂಡು ಮಾತಾಡು ನೀನು.”

“ನಿನ್ನಾಣೆ ಕಣಮ್ಮ.”

“ಆಣೆ ಇಡ್ಬೇಡ. ನಿಮ್ಮಪ್ಪ ಸೋತ ದಿನ ಮನೆಗೆ ಬಂದು ಉಣ್ತಿರ್ಲಿಲ್ಲ. ಆಟ ಆಗಿದ್ರೆ ಉಣ್ತಿರ್ಲಿಲ್ವಾ? ಆ ಮಣ್ಣು ನಾನೇ ಕೈಯಾರೆ ಕೊಟ್ಟಿದ್ದೀನಿ. ಅದನ್ನ ಹಣೆಗಿಟ್ಕೊಂಡು ಯಾವನಾದ್ರೂ ಬೇಕಂತ ಬೀಳ್ತಾನಾ?”

ಅವಳ ಲೋಕದಲ್ಲಿ ಆ ಮಣ್ಣು ಹಚ್ಚಿಕೊಂಡು ಸುಳ್ಳಾಡುವ ಗಂಡಸು ಹುಟ್ಟಿರಲಿಲ್ಲ.

ಕೊನೆಗೆ ಅವಳು ಅಣ್ಣನಿಗೆ ಹೇಳಿಕಳಿಸಿದಳು. ನಮ್ಮ ಸೋದರಮಾವ ಮುನಿಯಪ್ಪ ಬಿಳಿ ಪಂಚೆ ಉಟ್ಟು, ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು, ಭಾವ ಭಾಮೈದನ ಜಗಳ ಬಿಡಿಸಲು ನಮ್ಮ ಮನೆಗೆ ಬಂದರು. ಚಾಪೆ ಹಾಸಿದೆ. ನಮ್ಮೆಜಮಾನರೂ ಶಿವುವೂ ಎದುರುಬದುರು ತಲೆ ತಗ್ಗಿಸಿ ಕೂತರು. ಅವರು ತಗ್ಗಿಸಿದ್ದು ನಗು ತಡೆಯಲಾರದೆ.

“ನೋಡಪ್ಪಾ ಮಂಜುನಾಥ, ಅವನು ನಿನ್ ಹೆಂಡ್ತಿ ಬೆನ್ನಿಗೆ ಬಿದ್ದೋನು. ಅವನ ಕತ್ತಿಗೆ ಕೈ ಹಾಕ್ತೀಯಲ್ಲಾ, ಏನಂಥಾದ್ದು? ಜಮೀನಿಂದಾ?”

“ಮಾವ, ಅದು ಆಟ ಮಾವ. ನಾಟಕ ಇದ್ದಂಗೆ.”

“ನಾಟಕಾನಾ?” ಮಾವ ಶಿವುವಿನ ಕಡೆ ತಿರುಗಿದರು. “ಹಣೆಗೆ ಗರಡಿ ಮಣ್ಣಿಟ್ಕೊಂಡು ನಾಟಕ ಆಡ್ತೀರೇನ್ರೋ? ಹಂಗಾದ್ರೆ ಅದು ಜಗಳಕ್ಕಿಂತ ದೊಡ್ಡ ತಪ್ಪು!”

ಜಗಳ ಅಂದರೂ ತಪ್ಪು, ಜಗಳವಲ್ಲ ಅಂದರೂ ತಪ್ಪು. ಆಮೇಲೆ ಇಬ್ಬರ ಕೈ ಹಿಡಿಸಿ, ಒಂದೇ ಲೋಟದಲ್ಲಿ ಮಜ್ಜಿಗೆ ಕುಡಿಸಿ, ಹಿರಿಯರು ಊಟ ಮಾಡಿ ಹೋದರು. ಅವರು ತಿರುವು ದಾಟಿದ ಮೇಲೆ ಇವರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕ ನಗು! ಭಾವ ಭಾಮೈದ ಒಟ್ಟಿಗೆ ನಕ್ಕದ್ದನ್ನು ಆ ವರ್ಷ ನಾನು ಕೊನೆಯದಾಗಿ ಕೇಳಿದ್ದು ಅದೇ.

ಯಾಕೆಂದರೆ ಮುಂದಿನ ವಾರವೇ ಕಿರಣ ಹೊಸ ಕಟ್ಟಳೆ ತಂದ. ಇಬ್ಬರೂ ಒಟ್ಟಿಗೆ ಎಲ್ಲೂ ಕಾಣಿಸಿಕೊಳ್ಳಬಾರದು. ಯಾರಾದರೂ ಫೋಟೋ ತೆಗೆದು ಹಾಕಿದರೆ ನಂಬಿಕೆ ಹೋಯಿತು, ಕಾರ್ಯಕ್ರಮವೂ ಹೋಯಿತು. ಶಿವು ನಮ್ಮ ಮನೆಗೆ ಬರುವುದನ್ನು ಬಿಟ್ಟ. ಬಂದರೂ ಇವರಿಲ್ಲದ ಹೊತ್ತು ನೋಡಿ ಬರುವನು. ಮಾತು ಕಡಿಮೆಯಾದ ಕಡೆ ಏನು ಬೆಳೆಯುತ್ತದೋ ಅದು ಬೆಳೆಯಿತು. ಶಿವುವಿಗೆ ಬೈಯುವವರು ಹೆಚ್ಚಾದಷ್ಟೂ ನೋಡುವವರು ಹೆಚ್ಚಾದರು. ಕಾರ್ಯಕ್ರಮ ನಿಂತಿರುವುದೇ ತನ್ನಿಂದ ಅನ್ನುವ ಮಾತು ಅವನ ಬಾಯಲ್ಲಿ ಬಂತು. “ಕಲ್ಲೇಟು ನನಗೆ, ಹಾರ ಭಾವನಿಗೆ” ಅಂದ ಒಂದು ದಿನ. ಅದನ್ನು ನಾನು ಇವರಿಗೆ ಹೇಳಲಿಲ್ಲ. ಹೇಳಿದವರು ಬೇರೆ ಯಾರೋ ಇದ್ದರು.

ಗೌರಿಹಬ್ಬದ ಆಸುಪಾಸಿನ ಒಂದು ವಿಡಿಯೋದಲ್ಲಿ ನಮ್ಮೆಜಮಾನರು ಶಿವುವಿನ ಕೆನ್ನೆಗೆ ಹೊಡೆದರು. ತುಟಿ ಒಡೆದು ರಕ್ತ ಬಂತು. ಬಣ್ಣದ ರಕ್ತವಲ್ಲ. ಆಟದ ರಕ್ತಕ್ಕೆ ಬಣ್ಣ ಕಲಸುತ್ತಿದ್ದವಳು ನಾನೇ, ನನಗೆ ಗೊತ್ತಾಗದೇ?

“ಏನ್ರೀ ಅದು?”

“ಕೈ ಜಾರ್ತು.”

“ನಿಮ್ ಕೈ ಜಾರಿದ್ದು ನಾನ್ ನೋಡೇ ಇಲ್ವಲ್ಲ.”

ಅವರು ಟ್ಯಾಕ್ಸಿ ಒರೆಸಲು ಹೋದರು. ಅಂದಿನಿಂದ ನನ್ನ ಹೆದರಿಕೆಗೆ ಬೇರೊಂದು ಬೇರು ಬಂತು. ಅದುವರೆಗೆ ಹಲಗೆಗೆ ಹೆದರುತ್ತಿದ್ದೆ, ಎತ್ತರಕ್ಕೆ ಹೆದರುತ್ತಿದ್ದೆ, ಬೀದಿಯ ಜನಕ್ಕೆ ಹೆದರುತ್ತಿದ್ದೆ. ಈಗ ಪಕ್ಕದಲ್ಲಿ ಮಲಗುವ ಮನುಷ್ಯನಿಗೆ ಹೆದರಲು ಶುರುಮಾಡಿದೆ. ಅಮ್ಮನಿಗೆ ಆಟ ಆಟ ಅಂತ ಹೇಳಿ ಹೇಳಿ, ನನಗೇ ಅದು ಆಟ ಹೌದೋ ಅಲ್ಲವೋ ತಿಳಿಯದಂತಾಯಿತು.

ಮತ್ತೆ ಅವರೆಕಾಯಿ ಕಾಲ ಬಂತು. ಬೆಳಗಿನ ಮಂಜಿಗೆ ವಿಮಾನಗಳು ತಡವಾಗಿ, ಮಧ್ಯಾಹ್ನವೆಲ್ಲಾ ಒಂದರ ಬಾಲ ಹಿಡಿದು ಒಂದು ಇಳಿಯುವ ದಿನಗಳು. ಕಿರಣ ದೊಡ್ಡ ಪಂದ್ಯ ಇಟ್ಟ. ಜನರನ್ನು ಕೂರಿಸಿ, ನೇರ ಪ್ರಸಾರ. ರಾಗಿ ಭೀಮ ಟೋಲ್‌ಗೇಟ್ ಟೋನಿಯನ್ನು ಎತ್ತಿ ಒಗೆದು, ಮೂಲೆಗಂಬ ಹತ್ತಿ ಅಲ್ಲಿಂದ ಅವನ ಮೇಲೆ ಹಾರಬೇಕು; ಅಲ್ಲಿಗೆ ವರ್ಷದ ಕಥೆ ಮುಕ್ತಾಯ. ನಾನು ಅಮ್ಮನನ್ನು ಕರೆದುಕೊಂಡು ಹೋದೆ. ಫೋನಿನಲ್ಲಿ ನೋಡಿ ನಂಬದವಳು ಹತ್ತಿರದಿಂದ ನೋಡಿದರೆ ನಂಬುತ್ತಾಳೆ ಅಂದುಕೊಂಡೆ. ಹತ್ತಿರದಿಂದ ನೋಡಿದರೆ ನನಗೂ ನಂಬಿಕೆ ಬರಬಹುದು ಅಂತಲೂ ಇತ್ತು.

ಶುರುವಾಗುವ ಮುಂಚೆ ಕಿರಣ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಹೇಳುತ್ತಿದ್ದ. “ಇವತ್ತು ಲೈವ್ ಗುರು. ಫ್ಲೈಟ್ ಬಂದ್ರೂ ಯಾರೂ ನಿಲ್ಲಂಗಿಲ್ಲ. ನಿಂತ್ರೆ ನೆಟ್‌ವರ್ಕ್ ಹೋಯ್ತು ಅಂದ್ಕೊಂಡು ಜನ ಎದ್ದೋಗ್ತಾರೆ. ಸದ್ದಿಗೆ ಸದ್ದು, ಆಟಕ್ಕೆ ಆಟ. ಗೊತ್ತಾಯ್ತಾ?”

“ಗೊತ್ತಾಯ್ತು” ಅಂದರು ನಮ್ಮೆಜಮಾನರು. ಶಿವು ತಲೆಯಾಡಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಮ್ಮ ಕಟ್ಟಿಕೊಟ್ಟಿದ್ದ ಮಣ್ಣನ್ನು ಒಂದೇ ಬಟ್ಟಲಿನಿಂದ ತೆಗೆದು ಹಣೆಗಿಟ್ಟುಕೊಂಡರು. ಅಮ್ಮ ನನ್ನ ಕೈ ಹಿಡಿದಳು.

ಪಂದ್ಯ ಚೆನ್ನಾಗಿಯೇ ನಡೆಯಿತು. ಪ್ರತಿ ಸಲ ಶಿವು ಬಿದ್ದಾಗಲೂ ಕೈ ಬಡಿದ ಸದ್ದು ಮೊದಲು, ಬೆನ್ನಿನದು ಆಮೇಲೆ. ನಾನು ಅಮ್ಮನ ಕಿವಿಯಲ್ಲಿ “ಕೇಳಿಸ್ತಾ, ಕೈ ಸದ್ದು?” ಅನ್ನುತ್ತಾ ಹೋದೆ. ನನ್ನ ಉಸಿರೂ ಸ್ವಲ್ಪ ಸಡಿಲವಾಗಿತ್ತು. ಅಷ್ಟರಲ್ಲಿ ಇವರು ಶಿವುವನ್ನು ಹೆಗಲಿಗೆ ಎತ್ತಿದರು. ರಾಗಿಮೂಟೆ. ಶೆಡ್ಡೆಲ್ಲಾ ಎದ್ದು ನಿಂತಿತು. ಎತ್ತಿದವರು ಒಂದು ಸುತ್ತು ತಿರುಗಿ ಬೀಸಬೇಕು, ಬೀಸುವ ಹೊತ್ತಿಗೆ ಸರಿಯಾಗಿ ಎತ್ತಿಸಿಕೊಂಡವನು ಹಿಡಿತ ಬಿಡಬೇಕು. ತಿರುಗಿದರು. ಬೀಸಲು ಮೈ ಬಗ್ಗಿಸಿದರು.

ವಿಮಾನ ಬಂತು.

ಗೊತ್ತಾಯ್ತು ಅಂದಿದ್ದು ಅವರ ಬಾಯಿ. ಮೈಗೆ ಗೊತ್ತಾಗಿರಲಿಲ್ಲ. ವರ್ಷವಿಡೀ ಕಲಿತ ಮೈ ಆ ಸದ್ದಿಗೆ ನಿಂತುಬಿಟ್ಟಿತು, ಒಂದು ಉಸಿರಿನಷ್ಟು. ಶಿವು ನಿಲ್ಲಲಿಲ್ಲ. ಕಿರಣ ಹೇಳಿದ್ದನ್ನು ನೆನಪಿಟ್ಟುಕೊಂಡು ಹಿಡಿತ ಬಿಟ್ಟ. ಬೀಸು ಇಲ್ಲದೆ, ಹೆಗಲಿನಿಂದ ತಲೆ ಕೆಳಗಾಗಿ ಜಾರಿದ. ಕೈ ಸದ್ದು ಬಂತೋ ಇಲ್ಲವೋ, ವಿಮಾನದ ಅಬ್ಬರದಲ್ಲಿ ನನಗೆ ಕೇಳಿಸಲೇ ಇಲ್ಲ. ಯಾರಿಗೂ ಕೇಳಿಸಲಿಲ್ಲ.

ಶಿವು ಬಿದ್ದಿದ್ದ. ಕಥೆಯ ಪ್ರಕಾರ ಅವನು ಬಿದ್ದಿರಲೇಬೇಕು. ಜನ ಕೇಕೆ ಹಾಕುತ್ತಿದ್ದರು. ನಮ್ಮೆಜಮಾನರು ಒಂದು ಗಳಿಗೆ ಅವನನ್ನೇ ನೋಡಿ, ಆಮೇಲೆ ಕಥೆಯಂತೆ ಮೂಲೆಗಂಬ ಹತ್ತತೊಡಗಿದರು. ನಾನು ಶಿವುವಿನ ಬೆರಳು ನೋಡುತ್ತಿದ್ದೆ. ವಿಮಾನ ಹೋಯಿತು. ಬೆರಳು ಅಲ್ಲಾಡಲಿಲ್ಲ.

ಅಮ್ಮ ನನ್ನ ಕೈ ಬಿಡಿಸಿಕೊಂಡಳು. ಹಿಡಿಯಲು ಹೋದೆ, ಸೆರಗಿನ ತುದಿ ಬೆರಳಲ್ಲಿ ಜಾರಿತು. ಪೈಪಿನ ಹಗ್ಗದ ಕೆಳಗೆ ನುಸುಳಿ ಅಖಾಡದೊಳಕ್ಕೆ ಹೋಗಿಬಿಟ್ಟಳು. ಮಗನಿಗೂ ಕಂಬಕ್ಕೂ ನಡುವೆ ಮೊಣಕಾಲೂರಿ, ಮೇಲೆ ನಿಂತಿದ್ದ ಅಳಿಯನ ಎದುರು ಸೆರಗು ಒಡ್ಡಿದಳು. ಅಳಿಯನ ಮುಂದೆ ಗಟ್ಟಿಯಾಗಿ ಮಾತಾಡದವಳು, ಅವರು ಬಂದರೆ ಬಾಗಿಲ ಮರೆಗೆ ಸರಿಯುವವಳು.

“ಅಳಿಯಂದ್ರೇ, ಸೆರಗೊಡ್ತೀನಿ. ಅವನ ಕೊರಳು ಬಿಟ್ಬಿಡಿ. ಇರೋನು ಅವನೊಬ್ಬ.”

ನಮ್ಮೆಜಮಾನರು ಕಂಬದಿಂದ ಹೇಗೆ ಇಳಿದರೋ ನಾನು ಕಾಣೆ. ಅವಳ ಮುಂದೆ ಬೋರಲು ಬಿದ್ದು ಪಾದ ಹಿಡಿದುಕೊಂಡಿದ್ದರು.

“ಅತ್ತೆ, ಏಳಿ ಅತ್ತೆ. ಇದು ಆಟ. ನಾನವನ್ನ ಹೊಡೀತೀನಾ? ನಾನೆತ್ತಿ ಆಡ್ಸಿದ್ ಮಗು ಅದು. ಎಲ್ಲಾ ಸುಳ್ಳು ಅತ್ತೆ, ಒಂದೊಂದು ಏಟೂ ಸುಳ್ಳು.” ತಲೆಯ ಮೇಲೆ ತೂಗುಬಿಟ್ಟಿದ್ದ ಮೈಕಿನಲ್ಲಿ ಅದೆಲ್ಲಾ ಊರೂರಿಗೆ ಹೋಗುತ್ತಿತ್ತು. “ಲೋ ಶಿವು, ಏಳೋ. ಅಮ್ಮನಿಗೆ ನೀನೇ ಹೇಳೋ.”

ಶಿವು ಏಳಲಿಲ್ಲ.

“ಶಿವು. ಸಾಕು ಕಣೋ. ಏಳು.”

ಆ ಎರಡನೇ ಸಲದ ದನಿ ಇದೆಯಲ್ಲ, ಅದು ಇಂದಿಗೂ ನನ್ನ ಕಿವಿಯಲ್ಲಿದೆ. ವರ್ಷವಿಡೀ ನಾನು ಹೆದರಿದ್ದೆಲ್ಲಾ ಆ ದನಿಯಲ್ಲಿ ಒಟ್ಟಿಗೆ ಬಂದು ನಿಂತಿತ್ತು. ಆ ಭಯದ ನಡುವೆಯೂ ಒಂದು ತಿಳಿಯಿತು: ಈ ಮನುಷ್ಯ ನನ್ನ ತಮ್ಮನಿಗೆ ಕೇಡು ಬಯಸಿದವರಲ್ಲ.

ಶಿವುವಿನ ಜೊತೆ ಕೆಲಸ ಮಾಡುವವರೊಬ್ಬರು ಜನರ ನಡುವಿನಿಂದ ಓಡಿಬಂದರು. “ಎತ್ಬೇಡಿ, ಕತ್ತು ಅಲ್ಲಾಡಿಸ್ಬೇಡಿ” ಅಂತ ಕೂಗಿದರು. ಟಾರ್ಪಾಲು ಹರಿದು, ಹಲಗೆಯ ಸಮೇತ ಅವನನ್ನು ಎತ್ತಿದರು. ಅವನು ಬಿದ್ದ ಹಲಗೆಯೇ ಅವನನ್ನು ಹೊತ್ತಿತು. ಜನ ಕೂರಲು ಕುರ್ಚಿ ತಂದಿದ್ದ ಗೂಡ್ಸ್ ಟೆಂಪೋ ಹೊರಗೇ ಇತ್ತು. ಹಿಂದುಗಡೆ ಹಲಗೆ ಇಟ್ಟು ನಾವು ಮೂವರು ಸುತ್ತ ಕೂತೆವು. ಅಮ್ಮ ಅವನ ತಲೆಯ ಎರಡೂ ಕಡೆ ಕೈ ಕೊಟ್ಟು, ಕದಲದಂತೆ ಹಿಡಿದಿದ್ದಳು. ಕೆಂಚಪ್ಪನವರ ಹೆಸರನ್ನು ಅವಳು ಬಾಯಲ್ಲಿ ತರಲಿಲ್ಲ. ನನಗೆ ಮಾತ್ರ ಗಂಜಿಯ ಬಟ್ಟಲೇ ಕಣ್ಣಮುಂದೆ.

ನಮ್ಮೆಜಮಾನರು ತಮ್ಮ ಮಣಿಕಟ್ಟನ್ನು ಶಿವುವಿನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಸುತ್ತಿದರು.

“ಅದುಮೋ ಶಿವು. ಅದುಮೋ, ನಿಲ್ಲಿಸ್ತೀನಿ.”

ಮಂಜಿನಿಂದ ತಡವಾದ ವಿಮಾನಗಳು ಇನ್ನೂ ಇಳಿಯುತ್ತಲೇ ಇದ್ದವು. ಟೆಂಪೋ ದೊಡ್ಡ ರಸ್ತೆಗೆ ಸೇರುವಾಗ ಇನ್ನೊಂದು ಬಂತು, ತೀರಾ ತಗ್ಗಿನಲ್ಲಿ. ಅದರ ಹೊಟ್ಟೆ ನಮ್ಮ ನೆತ್ತಿ ಸವರಿದ ಹಾಗಾಯಿತು. ಇವರು ಕಲ್ಲಾದರು. ನಾನೂ ಕಲ್ಲಾದೆ. ಆ ಸದ್ದು ಇರುವವರೆಗೆ ಏನೂ ಆಗುವುದಿಲ್ಲ, ಒಳ್ಳೆಯದೂ ಆಗುವುದಿಲ್ಲ, ಕೆಟ್ಟದ್ದೂ ಆಗುವುದಿಲ್ಲ ಅನ್ನಿಸಿತು. ಅದು ಹೋಗುವುದೇ ಬೇಡ ಅಂದುಕೊಂಡೆ. ಹೋಯಿತು.

ಇವರ ಮುಖ ನೋಡಿದೆ. ಬಾಯಿ ಅರ್ಧ ತೆರೆದಿತ್ತು.

“ರತ್ನ,” ಅಂದರು. “ಅದುಮಿದ.”

“ಎಷ್ಟು ಸಲ?”

“ಎರಡು ಸಲ ಕಣೇ. ಎರಡು ಸಲ.”

ವರ್ಷವೆಲ್ಲಾ ಯಾವುದು ಬಾರದಿರಲಿ ಅಂತ ಹೂ ಏರಿಸಿದ್ದೆನೋ ಅದೇ ಬಂದಿತ್ತು, ಮತ್ತು ನಾನು ಟೆಂಪೋದ ತಗಡಿಗೆ ತಲೆ ಆನಿಸಿ ಜೋರಾಗಿ ಅಳುತ್ತಾ ನಗುತ್ತಾ ಇದ್ದೆ. ಅಮ್ಮ ಏನು ಏನು ಅಂತ ಕೇಳುತ್ತಿದ್ದಳು. “ಏಟಾಗಿದೆಯಂತೆ ಕಣಮ್ಮ, ಏಟಾಗಿದೆಯಂತೆ” ಅಂದೆ. ಅವಳು ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು.

ಕೊರಳು ಉಳಿಯಿತು. ಪಟ್ಟಿ ಹಾಕಿಸಿಕೊಂಡು ಮುಂಗಾರಿನವರೆಗೂ ನಮ್ಮ ಮನೆಯಲ್ಲೇ ಮಲಗಿದ್ದ. ಉಣ್ಣಿಸಿ, ತೊಳೆದು, ಮಗ್ಗುಲು ಬದಲಿಸಿದವರು ಅವನ ಭಾವ. ಕಾರ್ಯಕ್ರಮ ಮಾತ್ರ ಅಂದೇ ಮುಗಿಯಿತು. ಮುಗಿಸಿರಿ ಅಂತ ಯಾರೂ ಹೇಳಬೇಕಾಗಲಿಲ್ಲ. ಆ ಕೊನೆಯ ವಿಡಿಯೋ ನೋಡಿದವರಷ್ಟು ಜನ ಬೇರೆ ಯಾವುದನ್ನೂ ನೋಡಿರಲಿಲ್ಲ. “ಆ ಅಮ್ಮನ ಆಕ್ಟಿಂಗ್ ಸೂಪರ್ ಗುರು, ಮುಂದಿನ ಸಲಾನೂ ಹಾಕ್ಕೊಳಿ” ಅಂತ ಒಬ್ಬ ಬರೆದಿದ್ದ. ಅದನ್ನು ಓದಿದ ದಿನ ಕಿರಣ ನಮ್ಮ ಮನೆಗೆ ಬಂದು, ಶಿವುವಿನ ಮಂಚದ ಪಕ್ಕ ಕೂತು, ಎಲ್ಲಾ ವಿಡಿಯೋಗಳನ್ನೂ ಒಂದೊಂದಾಗಿ ಅಳಿಸಿದ. ಟೈರು ಯಾರೋ ಹೊತ್ತುಕೊಂಡು ಹೋದರು. ಶೆಡ್ಡಿನ ಜಾಗ ಕೈ ಬದಲಾಯಿಸಿತು.

ಆಟವೋ ನಿಜವೋ ಅಂತ ಅಮ್ಮ ಆಮೇಲೆ ಒಂದು ದಿನವೂ ಕೇಳಲಿಲ್ಲ. ಗುಡಾಣದ ಮಣ್ಣಿಗೆ ಈಗಲೂ ಹಬ್ಬಕ್ಕೆ ನಿಂಬೆರಸ ಹಾಕುತ್ತಾಳೆ. ಯಾರಿಗೂ ಕೊಡುವುದಿಲ್ಲ.

ಕಳೆದ ತಿಂಗಳು ಆ ಕಲ್ಯಾಣ ಮಂಟಪದಲ್ಲಿ ಅವಳು ನನ್ನಿಂದ ಎರಡೆಲೆ ಆಚೆ ಕೂತಿದ್ದಳು. ವಿಮಾನ ಹಾದುಹೋಗುವಷ್ಟು ಹೊತ್ತೂ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು: ನನ್ನ ತುತ್ತು, ಅಳಿಯನ ಸೌಟು, ಮಗನ ಬೊಗಸೆ. ಸದ್ದು ದೂರವಾಯಿತು. ಶಿವು ನಮ್ಮ ಕಡೆ ತಿರುಗಿದ. ಕತ್ತು ತಿರುಗದ ಕಾರಣ ಅವನು ಯಾವತ್ತೂ ಇಡೀ ಮೈಯನ್ನೇ ತಿರುಗಿಸುತ್ತಾನೆ.

“ಹೋಯ್ತು ಕಣ್ರೋ” ಅಂದಳು ಅಮ್ಮ. “ಉಣ್ರಿ ಇನ್ನ.”